ಒಣರಾಯರೂ ಒಣಗದ ಅಂಟೂ

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಚೇರಿಗೆ ಬಂದ ಒಣರಾಯರು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಮೀನಿನ ತೊಟ್ಟಿಯ ಮೂಲೆಗೆ ತೋರುಬೆರಳು ಒತ್ತಿ ನೋಡಿದರು. ಒತ್ತಿದ್ದೇನೋ ಸುಲಭವಾಯಿತು, ತೆಗೆಯುವುದೇ ಕಷ್ಟವಾಯಿತು. ಜಗ್ಗಿ ಎಳೆದಾಗ, ಬೀಳ್ಕೊಡಲು ಬೀದಿಯ ತಿರುವಿನವರೆಗೆ ಬಂದರೂ ಮಾತು ಮುಗಿಸದ ನೆಂಟರ ಹಾಗೆ, ಬಿಳಿಯ ಎಳೆಯೊಂದು ಬೆರಳಿನ ಜೊತೆಗೇ ಬಂತು.

“ಅಯ್ಯೋ, ಇನ್ನೂ ಹಸಿ!” ಎಂದರು ರಾಯರು.

ಅದು ಶನಿವಾರ ಮಧ್ಯಾಹ್ನ ಹಚ್ಚಿದ ಸಿಲಿಕೋನ್ ಅಂಟು. “ಒಂದು ರಾತ್ರಿ ಬಿಡಿ ಸಾರ್, ರಬ್ಬರ್ ಆಗ್ಬಿಡುತ್ತೆ. ಮೀನಿಗೂ ಏನೂ ತೊಂದರೆಯಿಲ್ಲ” ಎಂದು ಅಂಗಡಿಯವನು ಎದೆ ತಟ್ಟಿ ಹೇಳಿದ್ದ. ಒಂದು ರಾತ್ರಿಯ ಮೇಲೆ ಇನ್ನೊಂದು ರಾತ್ರಿಯೂ ಕಳೆದಿತ್ತು. ಅಂಟು ಮಾತ್ರ ಹಚ್ಚಿದಾಗ ಹೇಗಿತ್ತೋ ಹಾಗೇ ಇತ್ತು.

ರಾಯರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಬೇರೆಯವರ ಹಳೆಯ ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಡುವ ಆ ಕಂಪನಿಯಲ್ಲಿ, ನೆಲಮಾಳಿಗೆಯ ಕಡತದ ಕೋಣೆಗೆ ಅವರು ಗುಮಾಸ್ತರು. ಆ ಕೋಣೆಗೆ ಕಿಟಕಿಯಿಲ್ಲ. ಮೂಲೆಯಲ್ಲಿ ಗಾಳಿಯಿಂದ ನೀರು ಹಿಂಡುವ ಯಂತ್ರವೊಂದು ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ಸಂಜೆ ತರಗತಿಗೆ ಹೋಗಿ ಪಾಸು ಮಾಡಿಕೊಂಡ ಕಡತ ನಿರ್ವಹಣೆಯ ಪರೀಕ್ಷೆಯಲ್ಲಿ ಅವರು ಒಂದು ವಿಷಯವನ್ನು ಚೆನ್ನಾಗಿ ಕಲಿತಿದ್ದರು: ಕಾಗದಕ್ಕೆ ತೇವವೇ ಶತ್ರು. ಅವತ್ತಿನಿಂದ ಆ ಶತ್ರುವಿನ ಜೊತೆ ರಾಯರಿಗೆ ರಾಜಿಯೇ ಇಲ್ಲ. ಕೋಣೆಯೊಳಗೆ ನೀರಿನ ಬಾಟಲಿ ಕೂಡದು, ಚಹಾ ಕೂಡದು, ಕೈ ತೊಳೆದು ಬಂದವರು ಹೊಸ್ತಿಲಲ್ಲಿ ನಿಂತು ಕೈ ಕೊಡವಬೇಕು. ಒಮ್ಮೆ ಯಾರೋ ಮನೆಯ ಕಷ್ಟ ಹೇಳಿಕೊಳ್ಳಲು ಬಂದು ಕಣ್ಣು ಒದ್ದೆ ಮಾಡಿಕೊಂಡಾಗ, “ಪಾಪ, ಬನ್ನಿ, ಹೊರಗೆ ಕೂತು ಅಳೋಣ” ಎಂದು ಕೈಹಿಡಿದು ಮೆಟ್ಟಿಲಿಗೆ ಕರೆದುಕೊಂಡು ಹೋಗಿದ್ದರಂತೆ. ಒಣರಾಯರು ಎಂಬ ಹೆಸರು ಹೀಗೆ ಬಂತು.

ಆದರೆ ಅಷ್ಟು ಒಣಗಾಳಿ ರಾಯರಿಗೇ ಒಗ್ಗುತ್ತಿರಲಿಲ್ಲ. ಗಂಟಲು ಸದಾ ಕೆರೆಯುವುದು. ಅವರ ಕೆಮ್ಮಿಗೆ ಮನೆಯವರು ಎದ್ದು ಕೂರುವುದು. ಮಹಡಿಯ ಮೇಲಿನ ಕಿಟಕಿ ಪಕ್ಕದ ಕುರ್ಚಿ ಖಾಲಿಯಾದಾಗ, ಎಷ್ಟೋ ಸಲ ಬರೆದು ಹರಿದು ಕೊನೆಗೊಂದು ಅರ್ಜಿ ಕೊಟ್ಟಿದ್ದರು. ಊರಿಗೆ ಹೊರಟ ದೊಡ್ಡವರು, ಅಂದರೆ ಮ್ಯಾನೇಜರು, “ಸೋಮವಾರ ಸಂಜೆ ಬಂದು ಹೇಳ್ತೀನಿ” ಎಂದಿದ್ದರು. ಅಷ್ಟಕ್ಕೇ ರಾಯರ ಹೆಂಡತಿ ಆ ಕುರ್ಚಿಯ ಅಳತೆಗೆ ಹೂವಿನ ಬಟ್ಟೆಯ ಒಂದು ದಿಂಬು ಹೊಲಿದುಬಿಟ್ಟಿದ್ದರು. ಹೆಗಲ ಮೇಲಿನ ಚೀಲದಲ್ಲಿದ್ದದ್ದು ಅದೇ.

ಮೀನಿನ ತೊಟ್ಟಿ ಇದ್ದದ್ದೂ ಆ ಕಿಟಕಿಯ ಪಕ್ಕದಲ್ಲೇ. ಅದರಲ್ಲಿ ಕಿತ್ತಳೆ ಬಣ್ಣದ ದಪ್ಪನೆಯ ಮೀನೊಂದು ಒಂಟಿಯಾಗಿ ವಾಸವಾಗಿತ್ತು. ದೊಡ್ಡವರು ಅದರ ಜೊತೆ ಎರಡು ಮಾತಾಡದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಶನಿವಾರ ಅರ್ಧ ದಿನದ ಕಚೇರಿ ಮುಗಿದು ಬಾಗಿಲು ಹಾಕುವ ಹೊತ್ತಿಗೆ ತೊಟ್ಟಿಯ ಅಡಿ ಒಂದು ಹನಿ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಅದರ ಕೆಳಗೊಂದು ಬಟ್ಟಲಿಟ್ಟು ಮನೆಗೆ ಹೋಗುತ್ತಿದ್ದರು. ರಾಯರು ಅಂಗಡಿಗೆ ಓಡಿದರು. ಮೀನನ್ನು ಚಹಾದ ದೊಡ್ಡ ಪಾತ್ರೆಗೆ ಬಿಟ್ಟು, ತೊಟ್ಟಿ ಬರಿದು ಮಾಡಿ, ಜನ ಹಿಡಿಸಿ ತಮ್ಮ ಕೋಣೆಯ ಮೇಜಿನ ಮೇಲೆಯೇ ಇಳಿಸಿಕೊಂಡು, ಹಳೆಯ ಅಂಟು ಕೆರೆದು ಹೊಸ ಅಂಟು ಹಚ್ಚಿದರು. “ಒಣಗಿಸೋಕೆ ಇದಕ್ಕಿಂತ ಒಳ್ಳೆ ಜಾಗ ಈ ಊರಲ್ಲೇ ಇಲ್ಲ” ಎಂದು ಹೆಮ್ಮೆಯಿಂದ ಹೇಳಿಯೂ ಇದ್ದರು.

ಈಗ ಆ ಹೆಮ್ಮೆಯೆಲ್ಲ ಬೆರಳ ತುದಿಯಲ್ಲಿ ಅಂಟಿಕೊಂಡು ಜೋಲುತ್ತಿತ್ತು.

“ಏನ್ರೀ ರಾಯರೇ, ಆಯ್ತಾ? ಎಲ್ಲಿ, ನೋಡೋಣ.”

ಕ್ಯಾಷಿಯರು ಬಂದಿದ್ದರು. “ಎಲ್ಲಿ, ನೋಡೋಣ” ಎನ್ನುವುದು ಅವರ ಅಭ್ಯಾಸ. ಆದರೆ ಅವರು ನೋಡುವುದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ನೋಟು ಎಣಿಸಲು ಮೇಜಿನ ಮೇಲೊಂದು ಒದ್ದೆ ಸ್ಪಂಜು ಇಟ್ಟುಕೊಂಡು, ಎಣಿಸುವ ಕೆಲಸ ಇಲ್ಲದಾಗಲೂ ಬೆರಳೊತ್ತಿ ಒತ್ತಿ, ಅವರ ಬಲಗೈ ಹೆಬ್ಬೆರಳು ವರ್ಷವಿಡೀ ಮಳೆಗಾಲದಲ್ಲಿರುತ್ತಿತ್ತು. ರಾಯರು “ಬೇಡ, ಬೇಡ” ಎನ್ನುವಷ್ಟರಲ್ಲಿ ಆ ಹೆಬ್ಬೆರಳು ಅಂಟಿನ ಮೇಲೆ ಕೂತು ಎದ್ದಾಗಿತ್ತು.

“ರೀ, ಒದ್ದೆ ಕೈ! ಒದ್ದೆ ಕೈ ತಗೊಂಡು ನನ್ನ ಕೋಣೆಗೆ ಬರಬೇಡಿ ಅಂತ ಎಷ್ಟು ಸಲ ಹೇಳ್ಲಿ?”

“ಬೆರಳೊಂದು ಇಟ್ರೆ ಪ್ರವಾಹ ಬಂತೇನ್ರೀ? ನೀವು ದಪ್ಪ ಹಚ್ಚಿದೀರಿ, ಅದಕ್ಕೇ ಒಣಗಿಲ್ಲ. ನಮ್ಮ ಭಾವ ಹಚ್ಚಿದ್ದು ನೋಡಬೇಕಿತ್ತು, ದಾರದ ಹಾಗೆ.”

“ಅದು ಒಣಗಿತ್ತಾ?”

“ಇಲ್ಲ, ಸೋರ್ತು. ಆದ್ರೆ ನೋಡೋಕೆ ಚೆನ್ನಾಗಿತ್ತು.”

ಆ ಹೊತ್ತಿಗೆ ಟೆಲಿಫೋನ್ ಮೇಡಂ ಮೆಟ್ಟಿಲಿಳಿದು ಬಂದರು. ಕಚೇರಿಗೆ ಬರುವ ಕರೆಗಳನ್ನೆಲ್ಲ ಎತ್ತುವುದು ಅವರ ಕೆಲಸ. ಕರೆ ಇಲ್ಲದಾಗ ಉಳಿದವರ ಕೆಲಸವೂ ಅವರದೇ.

“ಅಣ್ಣಾ, ನಿಮ್ಮ ಟ್ಯೂಬೇ ಹಳೇದಿರಬೇಕು. ಇರಿ, ಅಂಗಡಿಗೆ ಫೋನ್ ಮಾಡ್ತೀನಿ” ಎಂದು ಹೋದವರು ಸ್ವಲ್ಪ ಹೊತ್ತಿಗೆ ವಾಪಸು ಬಂದರು. “ಟ್ಯೂಬು ಹೊಸದಂತೆ. ಇನ್ನೊಂದು ರಾತ್ರಿ ಬಿಡಿ ಅಂದ. ನಾನು ಬೈದೆ. ಹಾಗಾದ್ರೆ ಎರಡು ರಾತ್ರಿ ಬಿಡಿ ಅಂದ.”

“ಸಂಜೆ ದೊಡ್ಡವರು ಬರ್ತಾರಲ್ಲಮ್ಮ!”

“ಅದಕ್ಕೇ ಇದನ್ನ ತಂದಿದೀನಿ.” ಎದುರಿನ ಕ್ಷೌರದಂಗಡಿಯಿಂದ ಎರವಲು ತಂದ, ಕೂದಲು ಒಣಗಿಸುವ ಯಂತ್ರವನ್ನು ಅವರು ಪಿಸ್ತೂಲಿನ ಹಾಗೆ ಎತ್ತಿ ಹಿಡಿದರು.

ಅದು ಬಿಸಿಗಾಳಿ ಊದಿತು. ಅಂಟು ಒಣಗಲಿಲ್ಲ. ಆದರೆ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದ್ದ ಯಾರದೋ ಕೂದಲೆಲ್ಲ ಹಾರಿ ಅಂಟಿನ ಮೇಲೆ ಕೂತು, ತೊಟ್ಟಿಯ ಮೂಲೆಗೆ ಎಳೆಯ ಮೀಸೆ ಬಂತು. ರಾಯರು ಸಣ್ಣ ಚಿಮಟ ಹಿಡಿದು ಮೀಸೆ ಕೀಳುತ್ತ ಕೂತರು. ಮೇಡಂಗೆ ಸುಮ್ಮನಿರಲಾಗಲಿಲ್ಲ. ಮುಖಕ್ಕೆ ಹಚ್ಚುವ ಪೌಡರು ತಂದು, “ಅಂಟೋದಾದ್ರೂ ನಿಲ್ಲುತ್ತೆ” ಎಂದು ಎರಚಿದರು. ಪೌಡರು ಅಂಟಿಗಿಂತ ಹೆಚ್ಚಾಗಿ ರಾಯರ ಮೂಗಿಗೆ ಹೋಯಿತು. ಅವರು ಸೀನಿದರು, ಕೆಮ್ಮಿದರು, ಕೆಮ್ಮಿನ ಭರಕ್ಕೆ ಮುಂದೆ ಬಾಗಿದಾಗ ಕೊರಳಪಟ್ಟಿ ಅಂಟಿಗೆ ತಾಗಿ ಅಲ್ಲೇ ನಿಂತಿತು.

“ಅಲ್ಲಾಡಬೇಡಿ!” ಎಂದರು ಕ್ಯಾಷಿಯರು.

“ಅಲ್ಲಾಡೋಕಾದ್ರೆ ತಾನೇ” ಎಂದರು ರಾಯರು, ತೊಟ್ಟಿಯೊಳಗಿನಿಂದ.

ಅವರನ್ನು ಬಿಡಿಸುವಾಗ ಮೇಲಿನಿಂದ ಗಲಾಟೆ ಕೇಳಿಸಿತು. ಚಹಾದ ಅಣ್ಣ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡೇ ಕೆಳಗಿಳಿದು ಬಂದ.

“ಸಾರ್, ನನ್ನ ಪಾತ್ರೆ ಯಾವಾಗ ಕೊಡ್ತೀರಿ? ಬೆಳಿಗ್ಗೆಯಿಂದ ಯಾರಿಗೂ ಚಹಾ ಇಲ್ಲ. ಪಾತ್ರೆ ಮುಚ್ಚಳ ತೆಗೆದ್ರೆ ಆ ಮೀನು ನನ್ನನ್ನೇ ಗುರಾಯಿಸುತ್ತೆ. ಅದರ ಮನೆಗೆ ನಾನು ನುಗ್ಗಿದೀನಿ ಅನ್ನೋ ಹಾಗೆ!”

“ಸಣ್ಣ ಕರೆಂಟ್ ಕೆಟಲ್ ಇದೆಯಲ್ಲಪ್ಪ.”

“ಅದರಲ್ಲಿ ಮಾಡಿದ್ರೆ ಯಾರಿಗೆ ಕೊಡ್ಲಿ, ಯಾರಿಗೆ ಬಿಡ್ಲಿ? ಮೊದಲು ಕುಡಿದವರು ನೆನಪಿಟ್ಕೊಳ್ಳಲ್ಲ, ಸಿಗದೇ ಇದ್ದವರು ಜನ್ಮದಲ್ಲಿ ಮರೆಯಲ್ಲ. ಮೇಲೆ ಎಲ್ರೂ ನಿಮ್ಮ ಹೆಸರು ಹೇಳಿ ಹೇಳಿ ಆಕಳಿಸ್ತಾ ಇದಾರೆ.”

ಕಿಟಕಿಯ ಮಾತು ಹಾಗಿರಲಿ, ಇಡೀ ಕಚೇರಿಗೆ ಚಹಾ ತಪ್ಪಿಸಿದ ಪಾಪವೂ ರಾಯರ ತಲೆಗೆ ಬಂತು. ತಾವು ಎಲ್ಲಿ ತಪ್ಪಿದೆವು ಎಂದು ಶನಿವಾರದ ಒಂದೊಂದು ಹೆಜ್ಜೆಯನ್ನೂ ಮನಸ್ಸಿನಲ್ಲಿ ತಿರುಗಿ ನಡೆದರು. ಗಾಜು ಒರೆಸಿದ್ದೆ. ಹಳೆಯ ಅಂಟು ಕೆರೆದಿದ್ದೆ. ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದೆ. ನೀರು ಹಿಂಡುವ ಯಂತ್ರದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದೆ. ಇನ್ನೇನು ಮಾಡಬೇಕಿತ್ತು? ಇದಕ್ಕಿಂತ ಒಣ ಕೋಣೆ ಇನ್ನೆಲ್ಲಿಂದ ತರಲಿ?

ಆಗಲೇ ಮೇಡಂ ಮೆಟ್ಟಿಲ ಮೇಲಿನಿಂದ ಕೂಗಿದರು. “ಅಣ್ಣಾ, ದೊಡ್ಡವರ ಫೋನು! ಕೆಲಸ ಬೇಗ ಮುಗೀತಂತೆ. ಸಂಜೆ ಆಗೋಕೆ ಮುಂಚೆನೇ ಬರ್ತಾರಂತೆ. ಮೀನು ಹೇಗಿದೆ ಅಂತ ಕೇಳಿದ್ರು.”

“ನೀವೇನಂದ್ರಿ?”

“ಮೀನು ಚೆನ್ನಾಗಿದೆ ಅಂದೆ. ತೊಟ್ಟಿ ಬಗ್ಗೆ ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಊಟದ ಡಬ್ಬಿ ತೆರೆಯದೆ ರಾಯರು ತೊಟ್ಟಿಯ ಮುಂದೆ ಮಂಡಿಯೂರಿದರು. ಕಣ್ಣು ಮುಚ್ಚಿ, ಅಂಟಿನ ಉದ್ದಕ್ಕೂ ಮೆಲ್ಲಗೆ ಬೆರಳು ಊರುತ್ತ ಬಂದರು. ಅಂಟಿತು. ಅಂಟಿತು. ಮತ್ತೂ ಅಂಟಿತು. ಒಂದು ಕಡೆ ಅಂಟಲಿಲ್ಲ.

ಕಣ್ಣು ಬಿಟ್ಟು ನೋಡಿದರು. ಅಲ್ಲಿ ಕ್ಯಾಷಿಯರ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಅಷ್ಟು ಜಾಗ ಮಾತ್ರ ರಬ್ಬರಿನ ಹಾಗೆ ಗಟ್ಟಿ.

ರಾಯರು ಹೆಬ್ಬೆರಳಿನ ಗುರುತು ನೋಡಿದರು, ಮೂಲೆಯ ಯಂತ್ರ ನೋಡಿದರು. ಅದರ ಅಡಿಯಲ್ಲಿ ಗಾಳಿಯಿಂದ ಹಿಂಡಿ ತೆಗೆದ ನೀರು ಬಕೆಟ್ಟು ತುಂಬ ನಿಂತಿತ್ತು. ಅವರಿಗೆ ಇನ್ನೊಂದು ನೆನಪಾಯಿತು. ಎದ್ದುಬಿದ್ದು ಮಹಡಿಯ ಕೈತೊಳೆಯುವ ಬೇಸಿನ್ ಹತ್ತಿರ ಓಡಿದರು. ಶನಿವಾರ ಅಲ್ಲಿ ಕೈ ತೊಳೆಯುವಾಗ ಬಿದ್ದಿದ್ದ ಒಂದು ತೊಟ್ಟು ಅಂಟು, ಸದಾ ಒದ್ದೆಯಿರುವ ಆ ಬೇಸಿನ್ನಿನ ಅಂಚಿನಲ್ಲಿ ಕಲ್ಲಿನ ಹಾಗೆ ಕೂತಿತ್ತು. ಉಗುರಿಗೂ ಬಗ್ಗಲಿಲ್ಲ.

ಈ ಅಂಟಿಗೆ ಬೇಕಾಗಿದ್ದದ್ದು ತೇವ! ಊರಲ್ಲೇ ಅತ್ಯಂತ ಒಣ ಜಾಗಕ್ಕೆ ಅದನ್ನು ತಂದು, ಬಾಗಿಲು ಬಿಗಿದು, ಇದ್ದಬದ್ದ ಹನಿಯನ್ನೂ ಹಿಂಡಿ ತೆಗೆದು ಅದರ ಬಾಯಿ ಒಣಗಿಸಿದವರು ತಾವೇ.

“ಎತ್ತಿ ಮೇಲಕ್ಕೆ ತಗೊಂಡು ಹೋಗೋಣ್ವಾ?” ಎಂದರು ಕ್ಯಾಷಿಯರು, ವಿಷಯ ಕೇಳಿ ರಾಯರ ಹಿಂದೆಯೇ ಕೋಣೆಗೆ ಇಳಿದು.

“ಬೇಡ, ಈಗ ಎತ್ತಿದ್ರೆ ಗಾಜು ಜರುಗುತ್ತೆ. ತೊಟ್ಟಿ ತೇವದ ಹತ್ರ ಹೋಗೋ ಹಾಗಿಲ್ಲ. ತೇವಾನೇ ಇಲ್ಲಿಗೆ ಬರ್ಬೇಕು.” ಬೀಗರನ್ನು ಬೈದು ಓಡಿಸಿ, ಮರುದಿನ ತಾವೇ ಹೋಗಿ ಕರೆತರಬೇಕಾದವರ ಮುಖ ಅವರದಾಗಿತ್ತು. ಕೈ ಚಾಚಿ ಯಂತ್ರ ನಿಲ್ಲಿಸಿದರು. ಗುಂಯ್ ನಿಂತಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ತಮ್ಮ ಉಸಿರು ತಮಗೇ ಕೇಳಿಸಿತು.

ಆದರೂ ರಾಯರು ರಾಯರೇ. ಒಂದು ಹನಿ ತೇವವೂ ಒಂದು ಕಡತಕ್ಕೂ ತಾಗಬಾರದು ಎಂದು ಅಪ್ಪಣೆ ಮಾಡಿದರು. ಮಳೆಯಂಗಿ, ಮೇಜಿನ ಪ್ಲಾಸ್ಟಿಕ್ ಹಾಳೆ, ಮೇಡಂ ಕೊಡೆ, ಯಾರದೋ ಸ್ಕೂಟರಿನ ಹೊದಿಕೆ, ಸಿಕ್ಕಿದ್ದನ್ನೆಲ್ಲ ತಂದು ಕಪಾಟುಗಳಿಗೆ ಹೊದಿಸಿ, ಅಂಚುಗಳನ್ನು ಟೇಪಿನಿಂದ ಬಿಗಿದು, ಒಂದೊಂದನ್ನೂ ಎರಡೆರಡು ಸಲ ತಡವಿ ನೋಡಿದರು. ನೆಲಕ್ಕೆ ಒದ್ದೆ ಚಿಂದಿ ಹಾಸಿದ್ದಾಯಿತು. ಚಹಾದ ಅಣ್ಣ ಸಣ್ಣ ಕೆಟಲ್ ತಂದ.

“ಇದನ್ನ ಎಲ್ಲಿಡ್ಲಿ ಸಾರ್? ನೆಲದ ಮೇಲಿಟ್ರೆ ಆವಿ ತೊಟ್ಟಿ ತನಕ ಏರಲ್ಲ.”

ತೊಟ್ಟಿಯ ಪಕ್ಕದಲ್ಲಿ ಹೋದ ವಾರ ಬಂದ ಹೊಸ ಕವರುಗಳ ಡಬ್ಬಗಳು ಎದೆಮಟ್ಟ ನಿಂತಿದ್ದವು. ದೊಡ್ಡವರು ತರಿಸಿದ್ದು, ಬಾಯಿಯ ಗೋಂದಿಗೆ ನಾಲಿಗೆ ತಾಗಿಸಿ ಮುಚ್ಚುವ ಜಾತಿಯವು. ಒಳಗೂ ಒಣಗಾಳಿ ಆಡಲಿ ಎಂದು ರಾಯರೇ ಅವುಗಳ ಮುಚ್ಚಳ ತೆರೆದಿಟ್ಟಿದ್ದರು.

“ಅದರ ಮೇಲೆ ಹಲಗೆ ಹಾಕಿ ಇಡಪ್ಪ. ಅದರಲ್ಲಿ ಯಾರ ಕಾಗದವೂ ಇಲ್ಲ, ಬರೀ ಖಾಲಿ ಕವರು.”

ಕೆಟಲ್ ಕುದಿಯಿತು. ನೀರು ಮುಗಿದಂತೆ ಅಣ್ಣ ಮತ್ತೆ ಮತ್ತೆ ತುಂಬಿದ. ಕೋಣೆ ತುಂಬ ಬಿಳಿಯ ಹಬೆ ಸುತ್ತಿತು. ಎದುರಿಗಿದ್ದವರ ಮುಖ ಕಾಣದೆ ಕ್ಯಾಷಿಯರು ಎರಡು ಸಲ ಯಂತ್ರಕ್ಕೆ “ಸ್ವಲ್ಪ ಸರೀರಿ” ಎಂದರು. ವಿಚಿತ್ರವೆಂದರೆ, ರಾಯರ ಕೆಮ್ಮು ನಿಂತುಹೋಯಿತು.

ಬಿಸಿಲು ಓರೆಯಾಗುವ ಹೊತ್ತಿಗೆ ರಾಯರು ಉಸಿರು ಬಿಗಿಹಿಡಿದು ಬೆರಳು ಒತ್ತಿದರು. ಬೆರಳು ವಾಪಸು ಬಂತು. ಇನ್ನೊಂದು ಮೂಲೆ. ಅಲ್ಲೂ ಬಂತು. ಒಣಗಿದ ಬೆರಳನ್ನು ಗೆದ್ದ ಪದಕದ ಹಾಗೆ ಎಲ್ಲರಿಗೂ ತೋರಿಸಿದರು. ಎಲ್ಲರೂ ಸೇರಿ ತೊಟ್ಟಿ ಹೊತ್ತು ಮಹಡಿ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ನೀರು ತುಂಬಿ, ಮೀನು ಬಿಟ್ಟರು. ತೊಟ್ಟಿಯ ಅಡಿಗೆ ರಾಯರು ತಮ್ಮ ಕರವಸ್ತ್ರ ಹಾಸಿ, ನೆಲಕ್ಕೆ ಕೆನ್ನೆ ಹಚ್ಚಿ ಕಾದರು. ಒಂದು ಹನಿಯೂ ಬೀಳಲಿಲ್ಲ. ಚಹಾದ ಅಣ್ಣ ಪಾತ್ರೆಯನ್ನು ಉಜ್ಜಿ, ಮತ್ತೆ ಉಜ್ಜಿ, ಚಹಾ ಕುದಿಸಿದ. ಯಾರೂ ಅದರ ರುಚಿಯ ಬಗ್ಗೆ ಮಾತಾಡಲಿಲ್ಲ.

ರಾಯರು ನೆಲದಿಂದ ಏಳುವುದಕ್ಕೂ ದೊಡ್ಡವರು ಒಳಗೆ ಬರುವುದಕ್ಕೂ ಸರಿಹೋಯಿತು.

“ಏನಪ್ಪಾ, ಸೊರಗಿದೀಯಲ್ಲ” ಎಂದರು ದೊಡ್ಡವರು. ರಾಯರು “ಇಲ್ಲ ಸಾರ್” ಎನ್ನಲು ಬಾಯಿ ತೆರೆದವರು, ಮಾತು ಮೀನಿಗೆ ಹೇಳಿದ್ದೆಂದು ತಿಳಿದು ಮುಚ್ಚಿದರು. “ತೊಟ್ಟಿ ಏನ್ರೀ, ಹೊಸದರ ಹಾಗೆ ಹೊಳೀತಾ ಇದೆ?”

ಮುಚ್ಚಿಡುವುದು ರಾಯರಿಗೆ ಬಾರದ ವಿದ್ಯೆ. “ಸೋರ್ತಾ ಇತ್ತು ಸಾರ್. ನಿಮ್ಮನ್ನ ಕೇಳದೇನೇ ಅಂಟು ಹಾಕ್ಬಿಟ್ಟೆ. ತಪ್ಪಾಗಿದ್ರೆ...”

“ತಪ್ಪೇನ್ರೀ? ನಾನಿಲ್ಲದಾಗ ಸೋರಿ ಖಾಲಿಯಾಗಿದ್ರೆ ಇವನ ಗತಿ ಏನಾಗ್ತಿತ್ತು!” ದೊಡ್ಡವರು ಬಗ್ಗಿ ಮೀನಿನ ಜೊತೆ ಗುಸುಗುಸು ಮಾತಾಡಿದರು. ಮೀನು ಬಾಯಿ ತೆರೆದು ಮುಚ್ಚಿತು. “ಇವನೂ ಒಪ್ಪಿದ. ನಾಳೆಯಿಂದ ಈ ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ. ಇವನನ್ನೂ ನೋಡ್ಕೊಂಡ ಹಾಗಾಗುತ್ತೆ.”

ಮೇಡಂ ಚಪ್ಪಾಳೆ ತಟ್ಟಿದರು. ಕ್ಯಾಷಿಯರು ರಾಯರ ಬೆನ್ನಿಗೆ ಗುದ್ದಿದರು. ರಾಯರು ಚೀಲದಿಂದ ಹೂವಿನ ದಿಂಬು ತೆಗೆದು ಕುರ್ಚಿಯ ಮೇಲಿಟ್ಟು, ಒಂದು ಕ್ಷಣ, ಅದೂ ಅರ್ಧ ಮಾತ್ರ, ಕೂತು ನೋಡಿದರು. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಸೈಕಲ್ ತುಳಿಯುತ್ತ ಹೋದರು. ಎಷ್ಟು ಚೆಂದದ ಸೈಕಲ್ಲು ಅನ್ನಿಸಿತು.

“ಆಗಲೇ ಕೂತಿದೀರಲ್ಲ, ಒಳ್ಳೇದೇ ಆಯ್ತು” ಎಂದರು ದೊಡ್ಡವರು, ಕೈಯಲ್ಲಿದ್ದ ಕಾಗದ ಬಿಡಿಸಿ. “ನಮ್ಮ ಗಿರಾಕಿಗಳಿಗೆಲ್ಲ ಕಳಿಸೋ ಕಾಗದ ಪಾಸಾಯ್ತು. ನಾಳೆ ಅಷ್ಟೂ ಅಂಚೆಗೆ ಹೋಗ್ಬೇಕು. ಮೊದಲನೇದಕ್ಕೆ ಈಗಲೇ ಶುಭಾರಂಭ ಮಾಡೋಣ. ಒಂದು ಕವರು ತನ್ನಿ.”

ರಾಯರು ಮೆಟ್ಟಿಲನ್ನು ಹುಡುಗನ ಹಾಗೆ ಹಾರಿ ಇಳಿದರು. ತೆರೆದಿದ್ದ ಡಬ್ಬದಿಂದ ಒಂದು ಕವರು ತೆಗೆದರು. ಅದು ಮುಚ್ಚಿತ್ತು. ಎಲ್ಲೋ ಒಂದು ಹಾಗಿರಬೇಕೆಂದು ಇನ್ನೊಂದು ತೆಗೆದರು. ಅದೂ ಮುಚ್ಚಿತ್ತು. ತಳಕ್ಕೆ ಕೈ ಹಾಕಿ ಒಂದು ಕಟ್ಟು ಎಳೆದರು. ಎಲ್ಲವೂ ಬಾಯಿಗೆ ಬಾಯಿ ಬಿಗಿದು, ಒಳಗೇನೂ ಇಲ್ಲದೆ, ಜನ್ಮಕ್ಕೆ ಬಿಚ್ಚುವುದಿಲ್ಲವೆಂದು ಹಟ ತೊಟ್ಟ ಹಾಗೆ ಮಲಗಿದ್ದವು. ಅಂಟು ಒಣಗಿಸಲು ಕರೆಸಿದ ತೇವ, ಒಣಗಿದ್ದ ಗೋಂದನ್ನೆಲ್ಲ ಎಬ್ಬಿಸಿ ಹೋಗಿತ್ತು. ಮಳೆಯಂಗಿ ಹೊದ್ದ ಹಳೆಯ ಕಡತಗಳು ಮಾತ್ರ ಬೆಚ್ಚಗಿದ್ದವು.

ಒಂದು ಕಟ್ಟು ಹಿಡಿದು ರಾಯರು ಮೇಲೆ ಬಂದಾಗ, ಅವರ ಮುಖ ನೋಡಿಯೇ ದೊಡ್ಡವರು ಕನ್ನಡಕ ಸರಿಮಾಡಿಕೊಂಡರು.

“ಏನ್ರೀ ಇದು? ಎಲ್ಲಾ ಮುಚ್ಚಿದೆ. ಒಳಗೆ ಏನಿದೆ?”

“ಏನಿಲ್ಲ ಸಾರ್.”

“ಇನ್ನೊಂದು ಡಬ್ಬದ್ದು ತನ್ನಿ.”

“ಅದೂ ಹೀಗೇ ಸಾರ್.”

“ಎಲ್ಲಾನೂ?”

“ಎಲ್ಲಾನೂ” ಎಂದರು ರಾಯರು. ಕೆಟಲಿನ ಕತೆಯನ್ನು ಒಂದು ಹನಿಯೂ ಬಿಡದೆ ಒಪ್ಪಿಸಿದರು. ಕ್ಯಾಷಿಯರು ನೋಟಿನ ಕಡೆ, ಮೇಡಂ ಟೆಲಿಫೋನಿನ ಕಡೆ ನೋಡತೊಡಗಿದರು. ಚಹಾದ ಅಣ್ಣ ಕೆಟಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ದೊಡ್ಡವರು ಬೈಯಲಿಲ್ಲ. ಮತ್ತೆ ಮೀನಿನ ಹತ್ತಿರ ಹೋದರು. ಈ ಸಲ ಮಾತುಕತೆ ಸ್ವಲ್ಪ ಉದ್ದವಾಯಿತು.

“ನೋಡಿ, ಹೊಸ ಕವರು ಈಗ ಸಿಗೋದಿಲ್ಲ. ಅಂಚೆ ತಡವಾದ್ರೂ ಸರಿ, ಇವನ್ನೇ ಆವಿಗೆ ಹಿಡಿದು ಒಂದೊಂದಾಗಿ ಬಿಡಿಸಿ, ಒಣಗಿಸಿ, ಜೋಡಿಸ್ಬೇಕು. ಗೋಂದು ಎಷ್ಟು ಉಳಿದಿರುತ್ತೋ ಅಷ್ಟೇ ಭಾಗ್ಯ. ಇದಕ್ಕೆ ತಾಳ್ಮೆ ಇರೋ ಕೈ ಬೇಕು, ಒಣ ಕೋಣೆ ಬೇಕು. ಎರಡೂ ನಿಮ್ಮ ಹತ್ರಾನೇ ಇದೆ. ಮುಗಿದ ಮೇಲೆ ಮೇಲೆ ಬನ್ನಿ, ಕಿಟಕಿ ಎಲ್ಲಿಗೂ ಓಡಿಹೋಗಲ್ಲ.”

ಓಡಿಹೋಗುವುದಿಲ್ಲ, ಸರಿ. ಆದರೆ ಡಬ್ಬಗಳ ಎತ್ತರ ನೋಡಿದರೆ, ಮುಗಿಯುವ ಹೊತ್ತಿಗೆ ಕಿಟಕಿಯೇ ನಿವೃತ್ತಿ ಹೊಂದಬಹುದಿತ್ತು.

ರಾಯರು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ನೆಲಮಾಳಿಗೆಗೆ ಇಳಿದರು. ಯಂತ್ರ ಹಾಕಿದರು. ಗುಂಯ್ ಶುರುವಾಯಿತು, ಜೊತೆಗೇ ಕೆಮ್ಮೂ. ಅಷ್ಟರಲ್ಲಿ ರಾಯರ ಹೆಂಡತಿಯ ಕರೆಯನ್ನು ಮೇಡಂ ಕೆಳಗಿನ ಫೋನಿಗೆ ದಾಟಿಸಿದರು.

“ಏನ್ರೀ, ದೊಡ್ಡವರು ಬಂದ್ರಾ? ಕಿಟಕಿ ಸಿಕ್ತಾ?”

“ಸಿಕ್ತು ಕಣೇ.”

“ಅಬ್ಬಾ! ದಿಂಬು ಸರಿಹೋಯ್ತಾ?”

ರಾಯರು ದಿಂಬನ್ನು ಒಂದು ಖಾಲಿ ಪೆಟ್ಟಿಗೆಯ ಮೇಲಿಟ್ಟು, ಅದರ ಮೇಲೆ ಕೂತರು. “ಚೆನ್ನಾಗಿದೆ. ಮೆತ್ತಗಿದೆ” ಎಂದರು. ಅದಷ್ಟೂ ನಿಜವೇ ಆಗಿತ್ತು.

ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕೆಟಲ್ ಇಟ್ಟುಕೊಂಡು ರಾಯರು ಮೊದಲ ಕವರನ್ನು ಆವಿಗೆ ಹಿಡಿದರು. ಉಗುರು ತಾಗಿಸದೆ, ಉಸಿರು ಬಿಡದೆ, ಮಗುವಿನ ಗಾಯದ ಪಟ್ಟಿ ತೆಗೆಯುವಷ್ಟು ಮೆತ್ತಗೆ ಅದರ ಬಾಯಿ ಬಿಡಿಸಿ, ಒಳಗೆ ತಂದು ಯಂತ್ರದ ಮುಂದೆ ಒಣಗಿಸಿದರು. ಗೋಂದು ಕೂಡ ಸುಮಾರಾಗಿ ಉಳಿದಿತ್ತು. ಹರಿಯದೆ, ಸುಕ್ಕಾಗದೆ ಬಂದ ಆ ಒಂದು ಕವರನ್ನು ಮೇಜಿನ ಮೇಲಿಟ್ಟು ದೂರದಿಂದ ನೋಡಿದರು. ಇಡೀ ದಿನದಲ್ಲಿ ಮೊದಲ ಸಲ, ಒಂದು ಕೆಲಸ ಸರಿಯಾಗಿ ಮುಗಿಯಿತು ಅನ್ನಿಸಿತು.

ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಪಾಪ, ಒಬ್ಬರೇ ಇದ್ದಾರಲ್ಲ ಎಂದು ಕ್ಯಾಷಿಯರು ಸಹಾಯಕ್ಕೆ ಬಂದಿದ್ದರು.

“ಓಹೋ, ಒಂದು ಆಯ್ತೇನ್ರೀ ರಾಯರೇ?” ಎಂದು ಅವರು ಕವರನ್ನು ಎತ್ತಿಕೊಂಡು, ಅದರ ಬಾಯನ್ನು ಮಡಿಸಿ, ಒದ್ದೆ ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿ ಸವರಿದರು. “ಎಲ್ಲಿ, ನೋಡೋಣ.”